ಕಿವಿಯ ಗಾಯಕ್ಕೆ ಸಾಕ್ಷಿ ಯಾರು?

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುತ್ತದೆ ನಮ್ಮ ಗಾದೆ. ಅಂಗೈ ಹುಣ್ಣಿಗೆ ಬೇಡ, ನಿಜ. ಆದರೆ ಹುಣ್ಣು ಕಿವಿಯ ಒಳಗಿದ್ದರೆ? ಕನ್ನಡಿ ಹಿಡಿದರೂ ಕಾಣದ, ರಕ್ತ ಸೋರದ, ಎಷ್ಟೋ ಸಲ ಗಾಯಗೊಂಡವನಿಗೇ ಹತ್ತಾರು ವರ್ಷ ಅರಿವಿಗೆ ಬಾರದ ಗಾಯ ಅದು. ಯುದ್ಧದಲ್ಲಿ ಕಾಲು ಕಳೆದುಕೊಂಡವನು ಸರ್ಕಾರದ ಮುಂದೆ ಹೋಗಿ ನಿಂತರೆ ಪುರಾವೆ ಅವನ ಜತೆಗೇ ಬಂದಿರುತ್ತದೆ. ಕಿವಿ ಕಳೆದುಕೊಂಡವನ ಪಾಡು ಬೇರೆ. ತನಗೆ ಕೇಳಿಸುತ್ತಿಲ್ಲ ಎಂಬುದನ್ನು ಅವನು ಮೊದಲು ರುಜುವಾತು ಮಾಡಬೇಕು. ಅದು ತೋಪಿನ ಸದ್ದಿನಿಂದ ಆದದ್ದೇ ಹೊರತು ಮುಪ್ಪಿನಿಂದ ಬಂದದ್ದಲ್ಲ ಎಂಬುದನ್ನು ಆಮೇಲೆ ರುಜುವಾತು ಮಾಡಬೇಕು.

ಈ ಕಷ್ಟ ಅತಿ ದೊಡ್ಡ ಪ್ರಮಾಣದಲ್ಲಿ ಎದುರಾಗಿರುವುದು ಅಮೆರಿಕದಲ್ಲಿ. ಅಲ್ಲಿನ ಮಾಜಿ ಸೈನಿಕರ ಇಲಾಖೆ ಪರಿಹಾರ ಕೊಡುವ ಅಂಗವೈಕಲ್ಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಗುಂಡೇಟಿನ ಗಾಯಕ್ಕಲ್ಲ, ಮುರಿದ ಮೂಳೆಗೂ ಅಲ್ಲ, ಕಿವಿಮೊರೆತಕ್ಕೆ. ವೈದ್ಯರು ಟಿನಿಟಸ್ ಎಂದು ಕರೆಯುವ, ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲಿ ಗುಂಯ್‌ಗುಡುವ ಈ ತೊಂದರೆಗಾಗಿ 25 ಲಕ್ಷಕ್ಕೂ ಹೆಚ್ಚು ಮಾಜಿ ಸೈನಿಕರು ಪರಿಹಾರ ಪಡೆಯುತ್ತಿದ್ದಾರೆ. ಶ್ರವಣದೋಷವೆಂದು ಅಂಗೀಕಾರ ಪಡೆದವರು 13 ಲಕ್ಷಕ್ಕೂ ಮಿಕ್ಕಿದ್ದಾರೆ. ಇವರಲ್ಲಿ ಅನೇಕರಿಗೆ ಅದು ಮೊದಲ ಅರ್ಜಿಯಲ್ಲೇ ಸಿಗಲಿಲ್ಲ. ಮೇಲ್ಮನವಿಯ ಮೆಟ್ಟಿಲು ಹತ್ತಬೇಕಾಯಿತು. ಕಾಣದ ಗಾಯವೊಂದನ್ನು ತೂಗಲು ಒಂದು ದೇಶದ ಕಾನೂನು ಹೇಗೆ ನಿಧಾನವಾಗಿ ಕಲಿಯಿತು, ಎಲ್ಲಿ ಇನ್ನೂ ಕಲಿತಿಲ್ಲ ಎಂಬುದು ಆ ಮೇಲ್ಮನವಿಗಳಲ್ಲಿ ಕಾಣುತ್ತದೆ.

ಸದ್ದಿನ ಏಟು

ನಮ್ಮ ಒಳಗಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಪುಟ್ಟ ನಾಳವೊಂದಿದೆ. ಅದರೊಳಗೆ ಸುಮಾರು 15,000 ಕೇಶಕೋಶಗಳು ಸಾಲಾಗಿ ನಿಂತಿರುತ್ತವೆ. ಸದ್ದಿನ ಅಲೆ ಬಂದಾಗ, ಗಾಳಿಗೆ ಪೈರು ಬಾಗುವಂತೆ, ಅವುಗಳ ತುದಿಯ ಸೂಕ್ಷ್ಮ ರೋಮಗಳು ಬಾಗುತ್ತವೆ. ಆ ಬಾಗುವಿಕೆಯೇ ವಿದ್ಯುತ್ ಸಂಕೇತವಾಗಿ ನರದ ಮೂಲಕ ಮಿದುಳನ್ನು ಸೇರುತ್ತದೆ. ಗಾಳಿ ಬಿರುಗಾಳಿಯಾದರೆ ಪೈರು ನೆಲಕ್ಕೆ ಮಲಗುತ್ತದಲ್ಲವೆ? ಕೇಶಕೋಶಗಳ ಗತಿಯೂ ಅದೇ. ಮನುಷ್ಯನಲ್ಲಿ ಒಮ್ಮೆ ಸತ್ತ ಕೇಶಕೋಶ ಮತ್ತೆ ಹುಟ್ಟುವುದಿಲ್ಲ.

ಹಠಾತ್ತನೆ ಸಿಡಿಯುವ ಸದ್ದು 140 ಡೆಸಿಬೆಲ್ ಮೀರಿದರೆ ಕಿವಿಗೆ ಅಪಾಯ ಎನ್ನುವುದು ತಜ್ಞರ ಸಾಮಾನ್ಯ ಅಳತೆ. ಸೈನಿಕನ ಹೆಗಲ ಮೇಲಿನ ರೈಫಲ್ಲೇ 150 ಡೆಸಿಬೆಲ್ ದಾಟುತ್ತದೆ. ತೋಪಿನ ಪಕ್ಕದಲ್ಲಿ ನಿಂತವನ ಕಿವಿಗೆ ಬೀಳುವ ಏಟು 180ರ ಆಸುಪಾಸು. ವಿಮಾನವಾಹಕ ಹಡಗಿನ ಮೇಲ್ಮಾಳಿಗೆ, ಟ್ಯಾಂಕಿನ ಒಡಲು, ಹಡಗಿನ ಎಂಜಿನ್ ಕೋಣೆ ಇವೆಲ್ಲ ಕಿವಿಯ ಶತ್ರುಗಳೇ.

ಇಂಥ ಸದ್ದು ಮೊದಲು ಕೆಡಿಸುವುದು ಏರುದನಿಗಳನ್ನು ಹಿಡಿಯುವ ಭಾಗವನ್ನು, ಅಂದರೆ 3,000ದಿಂದ 6,000 ಹರ್ಟ್ಸ್‌ವರೆಗಿನ ದನಿಗಳನ್ನು. ಮಾತಿನಲ್ಲಿ ಸ್ವರಗಳು ತಗ್ಗಿನ ದನಿ, ಅನೇಕ ವ್ಯಂಜನಗಳು ಏರುದನಿ. ಆದ್ದರಿಂದ ಇವರಿಗೆ ಸ್ವರ ಉಳಿಯುತ್ತದೆ, ವ್ಯಂಜನ ಜಾರುತ್ತದೆ. 'ಹಾಸು' ಎಂದರೆ 'ಹಾಕು' ಎಂದೋ 'ಹಾಡು' ಎಂದೋ ಕೇಳಿಸುತ್ತದೆ. "ನೀವು ಮಾತಾಡುವುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ" ಎನ್ನುವುದು ಇವರ ಸಾಮಾನ್ಯ ದೂರು. ನಿಶ್ಶಬ್ದವಾದ ಕೋಣೆಯಲ್ಲಿ ಒಬ್ಬರೊಡನೆ ಮಾತಾಡುವಾಗ ತೊಂದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮದುವೆ ಮನೆಯಲ್ಲಿ ಗೊತ್ತಾಗುತ್ತದೆ.

ಇದರ ಜತೆಗಾರನೇ ಕಿವಿಮೊರೆತ. ಕೆಲವರಿಗೆ ಜೀರುಂಡೆಯ ದನಿ, ಕೆಲವರಿಗೆ ಕುಕ್ಕರಿನ ಸೀಟಿ ದೂರದಲ್ಲಿ ಕೂಗಿದ ಹಾಗೆ. ಅದನ್ನು ಹೊರಗಿನಿಂದ ಅಳೆದು ಖಚಿತಪಡಿಸುವ ಉಪಕರಣವಿಲ್ಲ. ಅನುಭವಿಸುವವನ ಮಾತೇ ಆಧಾರ. ಇವೆರಡರ ಸುತ್ತ ತಲೆಸುತ್ತು, ಒಳಗಿವಿಯ ದ್ರವದ ಏರುಪೇರಿಗೆ ಸಂಬಂಧಿಸಿದ ಮೆನಿಯೆ ಕಾಯಿಲೆ, ನಿದ್ರಾಹೀನತೆ, ಖಿನ್ನತೆ ಇವೂ ಬರಬಹುದು. ಅಂಗೀಕೃತವಾದ ಒಂದು ವೈಕಲ್ಯದಿಂದ ಇನ್ನೊಂದು ಹುಟ್ಟಿದರೆ ಆ ಎರಡನೆಯದಕ್ಕೂ ಪರಿಹಾರ ಕೇಳಲು ಅಮೆರಿಕದ ನಿಯಮಗಳಲ್ಲಿ ಅವಕಾಶವಿದೆ.

ಹತ್ತು ಡಾಲರಿನ ವಕೀಲ

ಗಾಯಗೊಂಡ ಸೈನಿಕರಿಗೆ ಪಿಂಚಣಿ ಕೊಡುವ ಪರಿಪಾಠ ಅಮೆರಿಕದಲ್ಲಿ ಆ ದೇಶದಷ್ಟೇ ಹಳೆಯದು. ಮೊದಲ ನಿರ್ಧಾರ 1776ರದು. ಆದರೆ ಕೊಡಲಾಗದು ಎಂದು ಅಧಿಕಾರಿ ಹೇಳಿದರೆ ಅದನ್ನು ಪ್ರಶ್ನಿಸುವ ದಾರಿ ಬಹುಕಾಲ ಕಿರಿದಾಗಿಯೇ ಇತ್ತು. 1933ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಆದೇಶದ ಮೇರೆಗೆ ಮಾಜಿ ಸೈನಿಕರ ಮೇಲ್ಮನವಿ ಮಂಡಳಿ ಸ್ಥಾಪನೆಯಾಯಿತು. ಮುಂದಿನ 55 ವರ್ಷ ಆ ಮಂಡಳಿಯ ಮಾತೇ ಕೊನೆಯ ಮಾತು. ಪರಿಹಾರದ ತೀರ್ಮಾನವನ್ನು ನ್ಯಾಯಾಲಯಕ್ಕೆ ಒಯ್ಯುವಂತಿರಲಿಲ್ಲ.

ವಕೀಲರನ್ನು ಇಟ್ಟುಕೊಳ್ಳುವುದೂ ಸುಲಭವಿರಲಿಲ್ಲ. ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಸೈನಿಕನ ಪರ ವಾದಿಸುವ ವಕೀಲ ಹತ್ತು ಡಾಲರಿಗಿಂತ ಹೆಚ್ಚು ಶುಲ್ಕ ಪಡೆಯಕೂಡದೆಂದು ಕಾನೂನು ಮಾಡಲಾಯಿತು. ಬಡ ಸೈನಿಕರ ಪಿಂಚಣಿಯನ್ನು ವಕೀಲರು ನುಂಗಬಾರದೆಂಬುದು ಅದರ ಉದ್ದೇಶ. ಆಗ ಹತ್ತು ಡಾಲರು ಸಣ್ಣ ಮೊತ್ತವಲ್ಲ. ಆದರೆ ಕಾಲ ಬದಲಾದರೂ ಮೊತ್ತ ಬದಲಾಗಲಿಲ್ಲ. 1985ರಲ್ಲೂ ಅಲ್ಲಿನ ಸುಪ್ರೀಂ ಕೋರ್ಟು ಆ ಮಿತಿಯನ್ನು ಎತ್ತಿಹಿಡಿಯಿತು. ಇಲಾಖೆ ಸೈನಿಕನ ಎದುರಾಳಿಯಲ್ಲ, ಹಿತೈಷಿ; ಹಾಗಿರುವಾಗ ವಕೀಲನೇಕೆ ಎಂಬುದು ಈ ವ್ಯವಸ್ಥೆಯ ಹಿಂದಿನ ವಾದ.

ವಿಯೆಟ್ನಾಂನಿಂದ ಮರಳಿದವರ ಒತ್ತಡ ಬೆಳೆದು 1988ರಲ್ಲಿ ಕಾನೂನು ಬದಲಾಯಿತು. ಮಾಜಿ ಸೈನಿಕರ ಮೇಲ್ಮನವಿಗಳಿಗೆಂದೇ ಪ್ರತ್ಯೇಕ ನ್ಯಾಯಾಲಯ ಬಂತು. ಕಿವಿಯ ಪ್ರಕರಣಗಳಿಗೆ ಇದು ದೊಡ್ಡ ತಿರುವು. ಮಂಡಳಿ ಯಾವ ಪುರಾವೆಯನ್ನು ನಂಬಿತು, ಯಾವುದನ್ನು ನಂಬಲಿಲ್ಲ, ಏಕೆ ಎಂಬುದನ್ನು ಇನ್ನು ಮುಂದೆ ನ್ಯಾಯಾಧೀಶರ ಮುಂದೆ ಸಮರ್ಥಿಸಿಕೊಳ್ಳಬೇಕಾಯಿತು.

ಪಿಸುಮಾತಿನ ಪರೀಕ್ಷೆ

ಪರಿಹಾರ ಬೇಕಾದರೆ ಮೂರು ಸಂಗತಿಗಳು ಸಿದ್ಧವಾಗಬೇಕು: ಈಗ ವೈಕಲ್ಯವಿದೆ, ಸೇವೆಯಲ್ಲಿದ್ದಾಗ ಅದಕ್ಕೆ ಕಾರಣವಾಗುವಂಥದ್ದು ನಡೆದಿತ್ತು, ಇವೆರಡರ ನಡುವೆ ಕೊಂಡಿಯಿದೆ. ಮೊದಲನೆಯದಕ್ಕೆ ಯಂತ್ರವಿದೆ. ತೊಡಕು ಇರುವುದು ಉಳಿದೆರಡರಲ್ಲಿ, ಅದರಲ್ಲೂ ಹಳೆಯ ಕಾಗದಪತ್ರಗಳಲ್ಲಿ.

ಎರಡನೆಯ ಮಹಾಯುದ್ಧ, ಕೊರಿಯಾ ಯುದ್ಧಗಳಿಂದ ಮರಳಿದವರ ಕಿವಿಯನ್ನು ಬಿಡುಗಡೆಯ ದಿನ ಹೆಚ್ಚಾಗಿ ಪರೀಕ್ಷಿಸಿದ್ದು ಪಿಸುಮಾತಿನಿಂದ. ವೈದ್ಯ 15 ಅಡಿ ದೂರದಿಂದ ಪಿಸುಗುಡುವುದು, ಸೈನಿಕ ಅದನ್ನು ತಿರುಗಿ ಹೇಳುವುದು. ಹೇಳಿದರೆ ದಾಖಲೆಯಲ್ಲಿ '15/15'. ಏರುದನಿಗಳ ನಷ್ಟವನ್ನು ಹಿಡಿಯಲು ಈ ಪರೀಕ್ಷೆಗೆ ಶಕ್ತಿಯಿಲ್ಲ. ಆದರೂ 40 ವರ್ಷಗಳ ನಂತರ ಅರ್ಜಿ ಹಾಕಿದಾಗ ಆ '15/15' ಎದ್ದು ಬಂದು ಎದುರು ಸಾಕ್ಷಿ ಹೇಳುತ್ತಿತ್ತು.

ಆಡಿಯೋಮೀಟರ್ ಬಂದ ಮೇಲೂ ಗೊಂದಲ ಮುಗಿಯಲಿಲ್ಲ. 1960ರ ದಶಕದ ಉತ್ತರಾರ್ಧದವರೆಗೆ ಅಮೆರಿಕದ ಸೇನೆ ಬಳಸುತ್ತಿದ್ದ ಅಳತೆಯ ಮಾನದಂಡ ಬೇರೆ, ಆಮೇಲಿನದು ಬೇರೆ. ಹಳೆಯ ಅಂಕಿಗಳನ್ನು ಇಂದಿನವುಗಳಿಗೆ ಹೋಲಿಸಲು 500 ಹರ್ಟ್ಸ್‌ನಲ್ಲಿ 15, 1,000ದಿಂದ 3,000ದವರೆಗೆ 10, 4,000ದಲ್ಲಿ 5 ಡೆಸಿಬೆಲ್ ಕೂಡಿಸಬೇಕು. ಇದನ್ನು ಮರೆತು ನೋಡಿದರೆ ಕೆಟ್ಟ ಕಿವಿಯೂ ಒಳ್ಳೆಯ ಕಿವಿಯಾಗಿ ಕಾಣುತ್ತದೆ. ಹೀಗೆ ಪರಿವರ್ತಿಸದೆ ಓದಿದ್ದನ್ನು ಆಧರಿಸಿ ಮಂಡಳಿ ಪ್ರಕರಣಗಳನ್ನು ಹಿಂದಿರುಗಿಸಿದ್ದುಂಟು.

ಇನ್ನು ಕೆಲವರಿಗೆ ಕಾಗದವೇ ಇಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1.6 ಕೋಟಿಯಿಂದ 1.8 ಕೋಟಿ ಕಡತಗಳು ನಾಶವಾದವು. 1912ರ ನವೆಂಬರಿನಿಂದ 1960ರ ಜನವರಿವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ಸುಮಾರು ಶೇಕಡಾ 80 ಸುಟ್ಟುಹೋದವು. ಅವಕ್ಕೆ ನಕಲುಗಳಿರಲಿಲ್ಲ. ತನ್ನ ತಪ್ಪಿಲ್ಲದೆ ದಾಖಲೆ ಕಳೆದುಕೊಂಡವನ ವಿಷಯದಲ್ಲಿ ಮಂಡಳಿ ಹೆಚ್ಚು ಎಚ್ಚರದಿಂದ ಕಾರಣ ವಿವರಿಸಬೇಕೆಂದು ಹೊಸ ನ್ಯಾಯಾಲಯ 1991ರಲ್ಲಿ ಹೇಳಿತು.

ಮಾತೇ ಪುರಾವೆ

ಹೀಗೆ ಕಾಗದ ಸುಳ್ಳು ಹೇಳುವಾಗ ಅಥವಾ ಸುಮ್ಮನಿರುವಾಗ ಉಳಿಯುವುದು ಮನುಷ್ಯನ ಮಾತು. ಅದಕ್ಕೆಷ್ಟು ಬೆಲೆ? ಈ ಪ್ರಶ್ನೆಗೆ ನ್ಯಾಯಾಲಯಗಳು ಮೂರು ದಶಕಗಳಲ್ಲಿ ಹಂತ ಹಂತವಾಗಿ ಉತ್ತರ ಕೊಟ್ಟವು.

1990ರ ಗಿಲ್ಬರ್ಟ್ ಪ್ರಕರಣದಲ್ಲಿ ತಕ್ಕಡಿಯ ನಿಯಮ ಸ್ಪಷ್ಟವಾಯಿತು. ಪರ ಮತ್ತು ವಿರೋಧ ಪುರಾವೆಗಳು ಸಮತೂಕವಾದರೆ ಸಂದೇಹದ ಲಾಭ ಸೈನಿಕನಿಗೆ. ಸಿವಿಲ್ ದಾವೆಯಲ್ಲಿ ವಾದಿಯ ತಟ್ಟೆ ಸ್ವಲ್ಪವಾದರೂ ಕೆಳಗಿಳಿಯಬೇಕು. ಇಲ್ಲಿ ಸಮನಾಗಿ ನಿಂತರೂ ಸಾಕು. 1993ರ ಹೆನ್ಸ್ಲಿ ಪ್ರಕರಣದಲ್ಲಿ, ಬಿಡುಗಡೆಯ ದಿನ ಕಿವಿ ಸರಿಯಿತ್ತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಲಾಗದು ಎಂದಾಯಿತು. ಆಗ ಮಿತಿಯೊಳಗಿದ್ದ ಕಿವಿ ಮುಂದೆ ಕೆಟ್ಟಿದ್ದರೆ, ಅದಕ್ಕೂ ಸೇವೆಗೂ ಕೊಂಡಿಯಿದೆಯೇ ಎಂದು ನೋಡಲೇಬೇಕು.

2002ರ ಚಾರ್ಲ್ಸ್ ಪ್ರಕರಣ ಕಿವಿಮೊರೆತದ್ದು. ತನ್ನ ಕಿವಿಯಲ್ಲಿ ಸದ್ದಾಗುತ್ತಿದೆ ಎಂದು ಹೇಳಲು ಮನುಷ್ಯ ವೈದ್ಯನಾಗಬೇಕಾಗಿಲ್ಲ, ಅವನ ಮಾತೇ ಸಾಕ್ಷ್ಯವಾಗಬಲ್ಲದು ಎಂದು ನ್ಯಾಯಾಲಯ ಒಪ್ಪಿತು. ಆ ಕಾಲದ ವೈದ್ಯಕೀಯ ದಾಖಲೆ ಇಲ್ಲ ಎಂಬುದೊಂದನ್ನೇ ಹಿಡಿದು ಸೈನಿಕನ ಮಾತನ್ನು ಅಪನಂಬಿಕೆಯಿಂದ ತಳ್ಳಿಹಾಕುವಂತಿಲ್ಲ ಎಂದು 2006ರಲ್ಲಿ ಮೇಲಿನ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಹೇಳಿತು. ಕದನದಲ್ಲಿ ಭಾಗವಹಿಸಿದವರ ಮಾತಿಗೆ ವಿಶೇಷ ಮನ್ನಣೆ ಕೊಡುವ ಕಾನೂನು 1941ರಿಂದಲೂ ಇತ್ತು. ಎರಡನೆಯ ಮಹಾಯುದ್ಧದ ಸೈನಿಕನೊಬ್ಬನ ಶ್ರವಣದೋಷದ ಮೊಕದ್ದಮೆಯಲ್ಲಿ, 2012ರಲ್ಲಿ, ಆ ಮನ್ನಣೆ ಸದ್ದಿನ ಏಟಿಗೆ ಮಾತ್ರವಲ್ಲ, ಆಗಲೇ ಶಾಶ್ವತ ಹಾನಿಯಾಯಿತು ಎಂಬ ಮಾತಿಗೂ ಸಲ್ಲುತ್ತದೆ ಎಂದು ತೀರ್ಪಾಯಿತು. 1941ರ ಕಾನೂನಿನ ಅರ್ಥ ಇಷ್ಟು ಬಿಡಿಸಿಕೊಳ್ಳಲು 71 ವರ್ಷ ಬೇಕಾಯಿತು!

ಹಾಗೆಂದು ಹೇಳಿದ್ದೆಲ್ಲ ನಡೆಯುತ್ತದೆ ಎಂದಲ್ಲ. ಮಾತು ಸಾಕ್ಷ್ಯವಾಗುತ್ತದೆ, ಆದರೆ ನಂಬಲರ್ಹವೇ ಎಂದು ಮಂಡಳಿ ತೂಗುತ್ತದೆ. ಯಾವ ಹುದ್ದೆಯವನು ಎಷ್ಟು ಸದ್ದಿಗೆ ಒಡ್ಡಿಕೊಂಡಿರುತ್ತಾನೆ ಎಂಬ ಪಟ್ಟಿ ಇಲಾಖೆಯ ಬಳಿ ಇದೆ. ಅದರಲ್ಲಿ ಪದಾತಿಯ ಸ್ಥಾನ ಬೇರೆ, ಗುಮಾಸ್ತನ ಸ್ಥಾನ ಬೇರೆ. ಸೇನೆ ಬಿಟ್ಟ ಮೇಲೆ ಕಾರ್ಖಾನೆಯಲ್ಲಿ ದುಡಿದೆಯಾ, ಬೇಟೆಗೆ ಹೋಗುತ್ತಿದ್ದೆಯಾ ಎಂಬ ಪ್ರಶ್ನೆಗಳೂ ಬರುತ್ತವೆ.

ವಿಜ್ಞಾನದ ವಾದವೂ ಮುಗಿದಿಲ್ಲ. ಸದ್ದಿಗೆ ಒಡ್ಡಿಕೊಂಡು ಬಹಳ ವರ್ಷಗಳ ನಂತರ ಶ್ರವಣನಷ್ಟ ತಲೆದೋರುವುದು ಅಸಂಭವವೆಂದು ಅಮೆರಿಕದ ವೈದ್ಯವಿಜ್ಞಾನ ಸಂಸ್ಥೆಯ 2005ರ ವರದಿ ಹೇಳಿತು. ಅರ್ಜಿಗಳನ್ನು ನಿರಾಕರಿಸುವಾಗ ಪರೀಕ್ಷಕರು ಈ ವರದಿಯನ್ನು ಪದೇ ಪದೇ ಎತ್ತಿ ಹಿಡಿದರು. ಆದರೆ 2009ರಲ್ಲಿ ಕುಜಾವಾ ಮತ್ತು ಲಿಬರ್‌ಮನ್ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ಬೇರೆಯೇ ಒಂದು ಸಂಗತಿ ಕಂಡರು. ಸದ್ದಿನ ನಂತರ ಪರೀಕ್ಷೆಯಲ್ಲಿ ಕಿವಿ ಪೂರ್ತಿ ಚೇತರಿಸಿಕೊಂಡಂತೆ ಕಂಡರೂ, ಕೇಶಕೋಶಕ್ಕೂ ನರಕ್ಕೂ ನಡುವಿನ ಸಂಪರ್ಕಗಳು ಶಾಶ್ವತವಾಗಿ ಹರಿದುಹೋಗಿದ್ದವು. ಮನುಷ್ಯರಿಗೆ ಇದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬ ಚರ್ಚೆ ನಡೆದೇ ಇದೆ. ಆದರೆ 'ಪರೀಕ್ಷೆ ಸರಿಯಿದೆ, ಆದ್ದರಿಂದ ಕಿವಿ ಸರಿಯಿದೆ' ಎಂದು ಮೊದಲಿನಂತೆ ಧೈರ್ಯವಾಗಿ ಹೇಳುವುದು ಈಗ ಕಷ್ಟ.

ಸೊನ್ನೆಯ ಸಂಕಟ

ಗೆದ್ದವನಿಗೆ ಸಿಗುವುದೇನು? ಇಲ್ಲಿ ಕತೆ ಮತ್ತೆ ತಿರುಗುತ್ತದೆ. ಶ್ರವಣದೋಷದ ದರವನ್ನು ಯಾರ ವಿವೇಚನೆಗೂ ಬಿಟ್ಟಿಲ್ಲ. ಕೋಷ್ಟಕ ನೋಡಿ ನಿರ್ಧರಿಸುತ್ತಾರೆ. 1,000, 2,000, 3,000, 4,000 ಹರ್ಟ್ಸ್‌ಗಳಲ್ಲಿ ಎಷ್ಟು ಡೆಸಿಬೆಲ್‌ಗೆ ಕೇಳಿಸಿತೆಂದು ಸರಾಸರಿ ತೆಗೆಯುತ್ತಾರೆ. ಜತೆಗೆ 50 ಸಣ್ಣ ಇಂಗ್ಲಿಷ್ ಪದಗಳನ್ನು ಕೇಳಿಸಿ ಎಷ್ಟು ಸರಿ ಹೇಳಿದರೆಂದು ಎಣಿಸುತ್ತಾರೆ. ಇವೆರಡೂ ಸೇರಿ ಪ್ರತಿ ಕಿವಿಗೆ ಒಂದರಿಂದ ಹನ್ನೊಂದರವರೆಗೆ ಒಂದು ಅಂಕ. ಎರಡು ಕಿವಿಗಳ ಅಂಕ ಕೂಡಿದಲ್ಲಿ ಶೇಕಡಾವಾರು ದರ.

ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬನಿಗೆ ಎರಡೂ ಕಿವಿಗಳಲ್ಲಿ ಕ್ರಮವಾಗಿ 20, 45, 65, 70 ಡೆಸಿಬೆಲ್ ಎನ್ನಿ. ಸರಾಸರಿ 50. ಐವತ್ತು ಪದಗಳಲ್ಲಿ 44 ಸರಿ ಹೇಳಿದ, ಅಂದರೆ ಶೇಕಡಾ 88. ಎರಡು ಕಿವಿಗೂ ಅಂಕ ಎರಡು. ಕೋಷ್ಟಕ ಕೊಡುವ ದರ ಸೊನ್ನೆ! ಅದೇ ಮನುಷ್ಯ 41 ಪದ ಮಾತ್ರ ಹೇಳಿದ್ದರೆ ಅಂಕ ನಾಲ್ಕು, ದರ ಶೇಕಡಾ 10. ಮೂರು ಪದಗಳ ಅಂತರದಲ್ಲಿ ಪರಿಹಾರದ ಹಣೆಬರಹ ಬದಲಾಗುತ್ತದೆ. ಈ ಪರೀಕ್ಷೆ ನಡೆಯುವುದೂ ಸದ್ದಿಲ್ಲದ ಕೋಣೆಯಲ್ಲಿ. ಇಂಥವರಿಗೆ ನಿಜವಾದ ಕಷ್ಟವಾಗುವುದು ಗದ್ದಲದಲ್ಲಿ. ದಿನನಿತ್ಯದ ಬದುಕಿನಲ್ಲಿ ಏನು ತೊಂದರೆಯಾಗುತ್ತಿದೆ ಎಂದು ಪರೀಕ್ಷಕ ಬರೆಯಲೇಬೇಕೆಂದು 2007ರ ಮಾರ್ಟಿನಾಕ್ ತೀರ್ಪು ವಿಧಿಸಿತು. ಆದರೂ ಸಾಮಾನ್ಯವಾಗಿ ದರ ನಿರ್ಧರಿಸುವುದು ಕೋಷ್ಟಕವೇ.

ಸೊನ್ನೆ ದರವೆಂದರೆ ಪೂರ್ತಿ ಸೋಲಲ್ಲ. ಗಾಯ ಸೇವೆಯಿಂದಲೇ ಆದದ್ದೆಂದು ಸರ್ಕಾರ ಒಪ್ಪಿದಂತಾಯಿತು. ಶ್ರವಣ ಸಾಧನ ಪಡೆಯಲು ದಾರಿಯಾಗುತ್ತದೆ. ಮುಂದೆ ಕಿವಿ ಇನ್ನೂ ಕೆಟ್ಟರೆ ದರ ಏರಿಸಲು ಕೇಳಬಹುದು. ಕಿವಿಮೊರೆತಕ್ಕಾದರೆ ಶೇಕಡಾ 10, ಅದಕ್ಕಿಂತ ಹೆಚ್ಚಿಲ್ಲ. ಒಂದು ಕಿವಿಯಲ್ಲಿದ್ದರೂ ಅಷ್ಟೇ, ಎರಡರಲ್ಲಿದ್ದರೂ ಅಷ್ಟೇ ಎಂದು 2006ರಲ್ಲಿ ಇತ್ಯರ್ಥವಾಯಿತು. 2025ರ ದರದಲ್ಲಿ ಇದು ತಿಂಗಳಿಗೆ 175 ಡಾಲರು ಚಿಲ್ಲರೆ. ದರಗಳನ್ನು ಕೂಡಿಸುವ ರೀತಿಯೂ ವಿಚಿತ್ರ. ಈಗಾಗಲೇ ಶೇಕಡಾ 70 ವೈಕಲ್ಯವಿದ್ದವನಿಗೆ ಇನ್ನು 10 ಸೇರಿದರೆ 80 ಆಗುವುದಿಲ್ಲ. ಉಳಿದ 30ರಲ್ಲಿ ಹತ್ತನೆಯ ಒಂದು ಪಾಲು, ಅಂದರೆ 3 ಸೇರಿ 73. ಅದನ್ನು ಮತ್ತೆ 70ಕ್ಕೇ ಇಳಿಸುತ್ತಾರೆ. ಕಿವಿಮೊರೆತಕ್ಕೆ ಪ್ರತ್ಯೇಕ ದರವನ್ನೇ ತೆಗೆದು, ಅದನ್ನು ಮೂಲ ಕಾಯಿಲೆಯ ಲಕ್ಷಣವೆಂದು ಎಣಿಸುವ ಪ್ರಸ್ತಾವವನ್ನು ಇಲಾಖೆ 2022ರಲ್ಲಿ ಪ್ರಕಟಿಸಿದಾಗ ಮಾಜಿ ಸೈನಿಕರ ವಲಯದಲ್ಲಿ ಆಕ್ಷೇಪ ಎದ್ದದ್ದು ಸಹಜವೇ.

ಮೂರು ದಾರಿ

2017ರ ಹೊತ್ತಿಗೆ ತೀರ್ಮಾನಕ್ಕೆ ಕಾದಿದ್ದ ಮೇಲ್ಮನವಿಗಳು ನಾಲ್ಕು ಲಕ್ಷ ಮೀರಿದ್ದವು. ವರ್ಷಗಟ್ಟಲೆ ಕಾಯುತ್ತಲೇ ಕಣ್ಣು ಮುಚ್ಚಿದವರುಂಟು. ಅಂಥವರ ಪತ್ನಿಯೋ ಮತ್ತೊಬ್ಬ ಅರ್ಹ ವಾರಸುದಾರರೋ ಆ ಜಾಗದಲ್ಲಿ ನಿಂತು ಪ್ರಕರಣ ಮುಂದುವರಿಸಲು 2008ರ ಕಾನೂನು ಅವಕಾಶ ಕೊಟ್ಟಿತ್ತು. 2017ರಲ್ಲಿ ಇಡೀ ಪದ್ಧತಿಯನ್ನೇ ಬದಲಿಸುವ ಕಾನೂನು ಬಂತು. 2019ರ ಫೆಬ್ರವರಿಯಲ್ಲಿ ಜಾರಿಯಾಯಿತು. ಈಗ ಅರ್ಜಿ ತಿರಸ್ಕೃತನಾದವನ ಮುಂದೆ ಮೂರು ದಾರಿಗಳಿವೆ. ಹೊಸ ಪುರಾವೆ ಸಿಕ್ಕಿದ್ದರೆ ಅದರೊಡನೆ ಪೂರಕ ಅರ್ಜಿ. ಇರುವ ಪುರಾವೆಯನ್ನೇ ಸರಿಯಾಗಿ ನೋಡಿಲ್ಲವೆನಿಸಿದರೆ ಹಿರಿಯ ಅಧಿಕಾರಿಯಿಂದ ಮರುಪರಿಶೀಲನೆ. ಇಲ್ಲವೇ ನೇರವಾಗಿ ಮೇಲ್ಮನವಿ ಮಂಡಳಿ. ಒಂದು ವರ್ಷದೊಳಗೆ ಯಾವುದಾದರೊಂದನ್ನು ಹಿಡಿದರೆ ಮೂಲ ಅರ್ಜಿಯ ದಿನಾಂಕ ಉಳಿಯುತ್ತದೆ, ಹಿಂಬಾಕಿಯೂ ಅಲ್ಲಿಂದಲೇ ಸಿಗುತ್ತದೆ. ಮಂಡಳಿಯೂ ಕೈಬಿಟ್ಟರೆ 120 ದಿನಗಳೊಳಗೆ ನ್ಯಾಯಾಲಯ.

ಕಿವಿಯ ಪ್ರಕರಣಗಳಲ್ಲಿ ಗೆಲುವು ಸೋಲನ್ನು ನಿರ್ಧರಿಸುವುದು ಅನೇಕ ವೇಳೆ ಒಂದು ಪುಟದ ವೈದ್ಯಕೀಯ ಅಭಿಪ್ರಾಯ. 'ಸೇವೆಯಿಂದ ಆಗಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ' ಎಂದು ತಜ್ಞ ಕಾರಣ ಸಹಿತ ಬರೆದರೆ ಸಾಕು. ಅದರ ಜತೆಗೆ, ಗಂಡ ಸೇನೆಯಿಂದ ಬಂದಾಗಿನಿಂದ ರೇಡಿಯೋ ದನಿ ಏರಿಸುತ್ತಲೇ ಇದ್ದ ಎಂದು ಹೆಂಡತಿ ಬರೆದುಕೊಡುವ ಕಾಗದಕ್ಕೂ ಇಲ್ಲಿ ಬೆಲೆಯಿದೆ.

ನಮ್ಮಲ್ಲಿ

ಕೊಡಗು, ಬೆಳಗಾವಿ ಕಡೆಯ ಓದುಗರಿಗೆ ಇದು ದೂರದ ಕತೆ ಎನಿಸಲಾರದು. ನಮ್ಮ ಸೇನೆಯಲ್ಲೂ ವೈಕಲ್ಯ ಪಿಂಚಣಿಗೆ ಕೇಳುವ ಮುಖ್ಯ ಪ್ರಶ್ನೆ ಅದೇ: ಕಾಯಿಲೆ ಸೇವೆಯಿಂದ ಬಂದದ್ದೇ, ಅಥವಾ ಸೇವೆಯಿಂದ ಉಲ್ಬಣಿಸಿದ್ದೇ? ವೈಕಲ್ಯ ಸಾಮಾನ್ಯವಾಗಿ ಶೇಕಡಾ 20 ಆದರೂ ಇರಬೇಕು. 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ಮುಖ್ಯ ಮಾತು ಹೇಳಿತು. ಸೇರುವಾಗ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು. ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು. ಸಂದೇಹದ ಲಾಭ ಸೈನಿಕನದು. 2007ರ ಕಾನೂನಿನಿಂದ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇಂಥ ಅಹವಾಲುಗಳನ್ನು ಕೇಳುತ್ತದೆ.

ಇನ್ನೊಂದು ಅಂಶವೂ ಇದೆ. ಇಂಗ್ಲಿಷ್ ಪದಗಳ ಪರೀಕ್ಷೆ ಇಂಗ್ಲಿಷ್ ಚೆನ್ನಾಗಿ ಬಾರದವನ ಕಿವಿಯನ್ನು ಅಳೆಯುವುದಿಲ್ಲ, ಭಾಷೆಯನ್ನು ಅಳೆಯುತ್ತದೆ. ಆದ್ದರಿಂದಲೇ ಭಾಷೆಯ ತೊಡಕಿದ್ದವರಿಗೆ ಪದಪರೀಕ್ಷೆ ಬಿಟ್ಟು ಬೇರೆ ಕೋಷ್ಟಕ ಬಳಸಬಹುದೆಂದು ಅಮೆರಿಕದ ನಿಯಮ ಹೇಳುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಪದಪಟ್ಟಿಗಳು ಸಿದ್ಧವಾಗಿರುವುದು ಏಕೆ ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ಮದ್ದುಗುಂಡಿನ ನಡುವೆ ಸೈನಿಕ ತನ್ನ ಕಿವಿಯ ಯೋಚನೆ ಮಾಡುವುದಿಲ್ಲ. ಬಿಡುಗಡೆಯ ದಿನ ಮನೆಗೆ ಹೋಗುವ ತವಕದಲ್ಲಿ 'ಏನೂ ತೊಂದರೆಯಿಲ್ಲ' ಎಂದು ಸಹಿ ಹಾಕಿಬಿಡುತ್ತಾನೆ. ಮೊಮ್ಮಗು ಏನು ಹೇಳಿತೆಂದು ತಿಳಿಯದೆ ಸುಮ್ಮನೆ ನಗುವ ವಯಸ್ಸಿಗೆ ಬಂದಾಗ ಆ ಸಹಿ ಅವನ ಎದುರು ನಿಲ್ಲುತ್ತದೆ. ಸೇನೆಗೆ ಸೇರುವಾಗಲೂ ಬಿಡುವಾಗಲೂ ಸರಿಯಾದ ಶ್ರವಣ ಪರೀಕ್ಷೆ ಮಾಡಿಸಿ, ಅದರ ಪ್ರತಿಯನ್ನು ಸೈನಿಕನ ಕೈಗೇ ಕೊಡುವುದು ಹೆಚ್ಚಿನ ಖರ್ಚಿನ ಕೆಲಸವಲ್ಲ. ಮುಂದೆಂದೋ ನಡೆಯುವ ಹತ್ತು ವರ್ಷಗಳ ಮೇಲ್ಮನವಿಯನ್ನು ಆ ಒಂದು ಹಾಳೆ ಉಳಿಸಬಹುದು.